ಗೆದ್ದೆತ್ತಿನ ಬಾಲ, ಸೋತವನ ಬೆನ್ನು

ಭಾರತ ಕ್ರಿಕೆಟ್ ಪಂದ್ಯ ಗೆದ್ದ ಮರುದಿನ ಬೆಳಿಗ್ಗೆ ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಒಂದು ದರ್ಶಿನಿಯ ಮುಂದೆ ಬೈಟು ಕಾಫಿ ಹಿಡಿದು ನಿಂತು ನೋಡಿ. ‘ನಿನ್ನೆ ಹೆಂಗೆ ಗೆದ್ವಿ ನೋಡಿದ್ಯಾ?’ ಎಂಬ ಮಾತು ಕಿವಿಗೆ ಬೀಳುತ್ತದೆ. ಸೋತ ಮರುದಿನ ಅದೇ ಜಾಗದಲ್ಲಿ, ಅದೇ ಬಾಯಲ್ಲಿ, ‘ಸೋತ್ರು ಕಣೋ, ಅವನೊಬ್ಬ ಕೆಡಿಸಿಬಿಟ್ಟ’ ಎಂಬ ಮಾತು. ಗೆದ್ದವರು ನಾವು, ಸೋತವರು ಅವರು. ಕನ್ನಡದ ಕ್ರಿಯಾಪದದ ತುದಿಯಲ್ಲೇ ಅಭಿಮಾನಿಯ ಮನಸ್ಸು ಅಡಗಿದೆ.

ಈ ‘ಅವನೊಬ್ಬ’ನ ಪಾತ್ರ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಬಂದದ್ದು ನಮ್ಮವರೇ ಆದ ಕೆ.ಎಲ್. ರಾಹುಲ್ ಪಾಲಿಗೆ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೂರು ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 20, 17 ಮತ್ತು 1 ರನ್. ಉಪನಾಯಕ ಪಟ್ಟ ಹೋಯಿತು. ಇಂದೋರ್ ಟೆಸ್ಟ್‌ಗೆ ತಂಡದಲ್ಲಿ ಸ್ಥಾನವೂ ಹೋಯಿತು. ಅದೇ ವರ್ಷ ನವೆಂಬರ್ 12ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನೆದರ್ಲೆಂಡ್ಸ್ ವಿರುದ್ಧ 62 ಚೆಂಡುಗಳಲ್ಲಿ ಶತಕ ಹೊಡೆದಾಗ ಊರೇ ಕುಣಿಯಿತು. ಸರಿಯಾಗಿ ಒಂದು ವಾರದ ನಂತರ, ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ 107 ಚೆಂಡುಗಳಿಗೆ 66 ರನ್ ಮಾಡಿದಾಗ ಸೋಲಿನ ಹೊರೆಯಲ್ಲಿ ದೊಡ್ಡ ಪಾಲನ್ನು ಅವರ ಹೆಗಲಿಗೇ ಹೊರಿಸಲಾಯಿತು. 81ಕ್ಕೆ ಮೂರು ವಿಕೆಟ್ ಬಿದ್ದಾಗ ಅವರು ಕ್ರೀಸಿಗೆ ಬಂದಿದ್ದರೆಂಬುದನ್ನು ನೆನೆದವರು ಕಡಿಮೆ. ಆ ರಾತ್ರಿ ಬೈದವರಲ್ಲಿ ಈ ವರದಿಗಾರನೂ ಒಬ್ಬ.

ಹೀಗೇಕೆ? ಇದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು. ಅಲ್ಲಿನ ಕಾಲೇಜು ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ದಾಳಿಯ ಸೂತ್ರ ಹಿಡಿಯುವವನು ‘ಕ್ವಾರ್ಟರ್‌ಬ್ಯಾಕ್’. ಗೆದ್ದರೆ ಅವನೇ ದೇವರು, ಸೋತರೆ ಅವನೇ ಖಳ. ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರ ತರಗತಿಗೆ ಬಂದ ವಿದ್ಯಾರ್ಥಿಗಳ ಉಡುಪನ್ನು ಇವರು ಗಮನಿಸಿದರು. ಹಿಂದಿನ ಪಂದ್ಯ ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಅಂಗಿಗಳು ಹೆಚ್ಚು ಕಂಡವು. ಮಾತಿನಲ್ಲೂ ಅಷ್ಟೇ: ಗೆಲುವಿಗೆ ‘ನಾವು’ ಹೆಚ್ಚು, ಸೋಲಿಗೆ ಕಡಿಮೆ. 1976ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳಿದ್ದನ್ನು ನಮ್ಮ ಹಿರಿಯರು ‘ಗೆದ್ದೆತ್ತಿನ ಬಾಲ ಹಿಡಿಯುವುದು’ ಎಂದು ಎಂದೋ ಹೇಳಿಯಾಗಿದೆ.

ಇನ್ನು ಬ್ಯಾಟ್ಸ್‌ಮನ್ನನೇ ಏಕೆ ಗುರಿ? ಬೌಲರ್ ಒಂದು ಕೆಟ್ಟ ಚೆಂಡು ಎಸೆದರೆ ಮುಂದಿನ ಚೆಂಡಿನಲ್ಲಿ ಸರಿಪಡಿಸಿಕೊಳ್ಳಬಹುದು. ಬ್ಯಾಟ್ಸ್‌ಮನ್ನನಿಗೆ ಒಂದು ತಪ್ಪೇ ಕೊನೆ. ಎಲ್ಲರ ಕಣ್ಣೆದುರೇ ಒಬ್ಬನೇ ನಡೆದು ವಾಪಸಾಗಬೇಕು.

ಹಾಗೆಂದು ಟೀಕೆಯೇ ತಪ್ಪೆನ್ನಲಾಗದು. 2023ರಲ್ಲಿ ರಾಹುಲ್ ಆಯ್ಕೆಯನ್ನು ಬಹಿರಂಗವಾಗಿ ಪ್ರಶ್ನಿಸಿದವರು ಕರ್ನಾಟಕದವರೇ ಆದ ವೆಂಕಟೇಶ್ ಪ್ರಸಾದ್. ಅವರು ಮುಂದಿಟ್ಟದ್ದು ಸರಾಸರಿಯ ಲೆಕ್ಕ: ಎಂಟು ವರ್ಷ ಆಡಿದ ಮೇಲೂ ಅದು ಮೂವತ್ತರ ಆಸುಪಾಸಿನಲ್ಲೇ ಇತ್ತು. ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬಹುದು. 2025ರಲ್ಲಿ ಇಂಗ್ಲೆಂಡಿನಲ್ಲಿ ಐದು ಟೆಸ್ಟ್‌ಗಳಿಂದ 532 ರನ್ ಗಳಿಸಿ ರಾಹುಲ್ ಉತ್ತರ ಕೊಟ್ಟರು. ಆದರೆ ಬೈಗುಳಕ್ಕೆ ಯಾವ ಆಟಗಾರ ಏನು ಉತ್ತರ ಕೊಡಬಲ್ಲ?

ಹಿಂದೆಯೂ ಇಂಥ ಘಳಿಗೆಗಳಿದ್ದವು. 1969ರಲ್ಲಿ ಕಾನ್ಪುರದಲ್ಲಿ ಭದ್ರಾವತಿಯ ಹುಡುಗ ಜಿ.ಆರ್. ವಿಶ್ವನಾಥ್ ತಮ್ಮ ಮೊದಲ ಟೆಸ್ಟ್ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಎರಡನೆಯದರಲ್ಲಿ 137. ನಿಧಾನಗತಿಯ ಆಟವೆಂಬ ಆಕ್ಷೇಪ ಹೊತ್ತು 1998ರಲ್ಲಿ ಏಕದಿನ ತಂಡದಿಂದ ಹೊರಬಿದ್ದ ರಾಹುಲ್ ದ್ರಾವಿಡ್, 1999ರ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಸೋತ ಎಲ್ಲರೂ ಹೀಗೆ ಎದ್ದು ಬರುವುದಿಲ್ಲ, ನಿಜ. ಎದ್ದು ಬರುವವರಿಗೂ ಎರಡನೇ ಇನಿಂಗ್ಸ್ ಒಂದು ಬೇಕು.

ಬಸವೇಶ್ವರನಗರದ, ಕೆಂಗೇರಿಯ ಮೈದಾನಗಳಲ್ಲಿ ಭಾನುವಾರ ಬ್ಯಾಟ್ ಹಿಡಿಯುವ ಮಕ್ಕಳು ದೊಡ್ಡವರ ಮಾತು ಕೇಳಿಸಿಕೊಳ್ಳುತ್ತಿರುತ್ತಾರೆ. ಔಟಾದವನನ್ನು ಏನೆಂದು ಕರೆಯಬೇಕೆಂದು ಅವರು ಕಲಿಯುವುದು ನಮ್ಮಿಂದಲೇ. ಮುಂದಿನ ಸಲ ತಂಡ ಸೋತಾಗ, ಕಾಫಿ ಲೋಟ ಕೆಳಗಿಡುವ ಮೊದಲು ಒಮ್ಮೆ ‘ಸೋತ್ವಿ’ ಎಂದು ನೋಡೋಣ. ಕಷ್ಟವೇ, ಆದರೂ ಗೆಲುವಿನಲ್ಲಿ ಪಾಲು ಕೇಳುವವರಿಗೆ ಅಷ್ಟಾದರೂ ಸಾಲ ಉಂಟು.