ಹಳೇ ಅಂಬಾಸಿಡರ್ ಇಂಡಿಕೇಟರ್ ಮಿನುಗ್ತಿಲ್ವಾ? ವೈರಿಂಗ್ ಬದಲಿಸೋ ಮೊದಲು ಅರ್ತಿಂಗ್ ನೋಡಿ

ಎಡಕ್ಕೆ ಹಾಕಿದರೆ ಸರಿಯಾಗಿ ಟಿಕ್ ಟಿಕ್ ಅನ್ನುತ್ತೆ. ಬಲಕ್ಕೆ ಹಾಕಿದರೆ ಮಿನುಗದೆ ಸುಮ್ಮನೆ ಉರಿಯುತ್ತೆ. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗುತ್ತೆ. ಹಳೇ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದೇನೂ ಹೊಸ ವಿಷಯ ಅಲ್ಲ. ಗ್ಯಾರೇಜಿಗೆ ಹೋದರೆ ‘ವೈರಿಂಗ್ ಪೂರ್ತಿ ಹೋಗಿದೆ, ಹೊಸದೇ ಹಾಕಬೇಕು’ ಅನ್ನೋ ಮಾತು ಬರೋದೂ ಉಂಟು.

ಆದರೆ ಇಂಥ ಎಲ್ಲ ಗಾಡಿಗೂ ಪೂರ್ತಿ ವೈರಿಂಗ್ ಕೀಳೋ ಅಗತ್ಯ ಇರಲ್ಲ. ತುಕ್ಕು ಹಿಡಿದ ಬಲ್ಬ್ ಹೋಲ್ಡರ್ ಅಥವಾ ಬಣ್ಣದ ಅಡಿ ಮುಚ್ಚಿಹೋದ ಬಾಡಿ ಅರ್ತ್ ಇಷ್ಟಕ್ಕೆಲ್ಲ ಕಾರಣ ಆಗಿರಬಹುದು. ಒಂದು ಟೆಸ್ಟ್ ಲ್ಯಾಂಪ್, ಒಂದು ಮರಳು ಕಾಗದ, ಅರ್ಧ ದಿನದ ತಾಳ್ಮೆ ಇದ್ದರೆ ದೋಷ ಎಲ್ಲಿದೆ ಅಂತ ಮನೆಯಲ್ಲೇ ಪತ್ತೆ ಮಾಡಬಹುದು.

ಯಾಕೆ ಅಸಡ್ಡೆ ಮಾಡಬಾರದು?

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು. ಅಂದರೆ ಈಗ ಓಡಾಡುತ್ತಿರುವ ಎಲ್ಲ ಅಂಬಾಸಿಡರ್‌ಗಳ ವೈರಿಗೂ ವಯಸ್ಸಾಗಿದೆ.

ಮುಸ್ಸಂಜೆ ಹೊತ್ತು, ಮಳೆ ಬೇರೆ. ಹೈವೇಯಿಂದ ಬಲಕ್ಕೆ ಊರ ರಸ್ತೆಗೆ ತಿರುಗಬೇಕು. ಹಿಂದೆ ಲಾರಿ ಬರ್ತಿದೆ. ಆಗ ಕಿಟಕಿಯಿಂದ ಕೈ ಚಾಚಿದರೆ ಯಾರಿಗೂ ಕಾಣಲ್ಲ. ಇಂಡಿಕೇಟರ್ ಕೆಲಸ ಮಾಡಬೇಕಾದದ್ದು ಆ ಕ್ಷಣಕ್ಕೇ.

ಕಾನೂನಿನ ಮಾತೂ ಇದೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಇಂಡಿಕೇಟರ್ ಕಿತ್ತಳೆ-ಹಳದಿ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ತಪಾಸಣೆಗೆ ಹೋದಾಗ ಲೈಟ್ ಸರಿ ಇಲ್ಲದಿದ್ದರೆ ಮತ್ತೆ ಅಲೆದಾಟ.

ಕರೆಂಟ್ ಹೋಗೋ ದಾರಿ, ಬರೋ ದಾರಿ

ಬ್ಯಾಟರಿಯಿಂದ ಹೊರಟ ಕರೆಂಟ್ ಇಗ್ನಿಷನ್ ಕೀ, ಫ್ಯೂಸ್, ಫ್ಲಾಷರ್, ಸ್ಟೇರಿಂಗ್ ಬಳಿಯ ಸ್ವಿಚ್ ದಾಟಿ ಎಡ ಅಥವಾ ಬಲದ ಬಲ್ಬಿಗೆ ಬರುತ್ತೆ. ಇದು ಹೋಗೋ ದಾರಿ. ಬಲ್ಬಿನಿಂದ ಬ್ಯಾಟರಿಗೆ ವಾಪಸ್ ಹೋಗಲು ಗಾಡಿಯ ಕಬ್ಬಿಣದ ಬಾಡಿಯೇ ದಾರಿ. ಇದನ್ನೇ ಅರ್ತಿಂಗ್ ಅನ್ನೋದು. ವೈರ್ ಎಷ್ಟೇ ಚೆನ್ನಾಗಿದ್ದರೂ ವಾಪಸ್ ದಾರಿಯಲ್ಲಿ ತುಕ್ಕು ಕೂತರೆ ಬಲ್ಬ್ ಸರಿಯಾಗಿ ಉರಿಯಲ್ಲ.

ಸಾಮಾನ್ಯವಾಗಿ ಹಾಕುವ ಬಲ್ಬ್ 12 ವೋಲ್ಟ್, 21 ವಾಟ್. ಮುಂದೊಂದು, ಹಿಂದೊಂದು ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. ಹಳೇ ಕಾಲದ ದುಂಡಗಿನ ಡಬ್ಬಿ ಫ್ಲಾಷರ್ ಈ ಕರೆಂಟಿನ ಬಿಸಿಯಿಂದಲೇ ಕೆಲಸ ಮಾಡೋದು. ಒಳಗಿನ ಲೋಹ ಬಿಸಿಯಾದಾಗ ಒಂದು ಕಡೆ, ತಣ್ಣಗಾದಾಗ ಇನ್ನೊಂದು ಕಡೆ ಸರಿಯುತ್ತೆ. ಹೀಗಾಗಿ ಕರೆಂಟ್ ಕಡಿಮೆಯಾದರೆ ಮಿನುಗೋ ವೇಗ ಕೆಡುತ್ತೆ, ಇಲ್ಲವೇ ಮಿನುಗೋದೇ ನಿಲ್ಲುತ್ತೆ.

ಲಕ್ಷಣ ನೋಡಿ ಊಹಿಸಿ

ಒಂದೇ ಕಡೆ ತೊಂದರೆ, ಇನ್ನೊಂದು ಕಡೆ ಸರಿ ಇದೆ ಅಂದರೆ ಫ್ಲಾಷರ್ ಮೇಲೆ ಅನುಮಾನ ಬೇಡ. ಎರಡೂ ಕಡೆಗೆ ಇರೋದು ಅದೇ ಒಂದು ಫ್ಲಾಷರ್. ತೊಂದರೆ ಇರುವ ಕಡೆಯ ಬಲ್ಬ್, ಹೋಲ್ಡರ್, ಅರ್ತಿಂಗ್ ನೋಡಿ.

ಎರಡೂ ಕಡೆ ಏನೂ ಉರಿಯಲ್ಲ ಅಂದರೆ ಫ್ಯೂಸ್, ಫ್ಲಾಷರ್ ಅಥವಾ ಸ್ವಿಚ್. ಆಮೇಲಿನ ಮಾಡೆಲ್‌ಗಳಲ್ಲಿ ಹಜಾರ್ಡ್ ಸ್ವಿಚ್ ಇದ್ದರೆ ಅದನ್ನು ಒತ್ತಿ. ನಾಲ್ಕೂ ಮಿನುಗಿದರೆ ಬಲ್ಬ್, ಅರ್ತಿಂಗ್ ಎಲ್ಲ ಸರಿ ಇದೆ ಅಂತ ಲೆಕ್ಕ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ, ಅಥವಾ ಇಂಡಿಕೇಟರ್ ಜೊತೆ ಪಾರ್ಕಿಂಗ್ ಲೈಟೂ ಮಿನುಗಿದರೆ, ಹೆಚ್ಚುಕಡಿಮೆ ಅದು ಅರ್ತಿಂಗ್ ದೋಷವೇ. ವಾಪಸ್ ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನ ತಂತಿಯ ಮೂಲಕ ದಾರಿ ಹುಡುಕಿಕೊಳ್ಳುತ್ತೆ.

ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿಸಿದ ಗಾಡಿಯಲ್ಲಿ ಒಂದು ಕಡೆ ಗಡಿಬಿಡಿಯಲ್ಲಿ ಮಿನುಗಿದರೆ ಆ ಕಡೆ ಒಂದು ಬಲ್ಬ್ ಹೋಗಿರಬಹುದು.

ಹಂತ ಹಂತವಾಗಿ ಹೀಗೆ ಮಾಡಿ

ಮೊದಲು ಒಂದು ಎಚ್ಚರಿಕೆ. ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಎಂಜಿನ್ ಆಫ್ ಇದ್ದು ಕೀ ಬಹಳ ಹೊತ್ತು ಆನ್ ಇದ್ದರೆ ಇಗ್ನಿಷನ್ ಕಾಯಿಲ್ ಕಾದು ಸುಟ್ಟುಹೋಗಬಹುದು. ಕಾಯಿಲ್‌ಗೆ ಬರುವ ಸಪ್ಲೈ ವೈರ್ ತೆಗೆದು, ತುದಿಗೆ ಟೇಪ್ ಸುತ್ತಿಟ್ಟು ಆಮೇಲೆ ಕೆಲಸ ಶುರು ಮಾಡಿ.

ಬಲ್ಬ್: ಗ್ಲಾಸ್ ತೆಗೆದು ಬಲ್ಬ್ ಬಿಚ್ಚಿ. ಒಳಗಿನ ತಂತಿ ತುಂಡಾಗಿದೆಯಾ, ವಾಟ್ ಸರಿ ಇದೆಯಾ ನೋಡಿ. 21 ವಾಟ್ ಜಾಗಕ್ಕೆ 5 ವಾಟ್ ಬಲ್ಬ್ ಹಾಕಿದ್ದರೆ ಡಬ್ಬಿ ಫ್ಲಾಷರ್ ಮಿನುಗಲ್ಲ. ಹೋಲ್ಡರ್ ಒಳಗೆ ಹಸಿರು ಪಾಚಿ ಥರ ಕಿಲುಬು ಇದ್ದರೆ ಮರಳು ಕಾಗದದಿಂದ ಉಜ್ಜಿ.

ಅರ್ತಿಂಗ್: ಇಂಡಿಕೇಟರ್ ಹಾಕಿಟ್ಟು, ಒಂದು ತುಂಡು ವೈರಿನ ಒಂದು ತುದಿ ಹೋಲ್ಡರ್‌ನ ಲೋಹದ ಭಾಗಕ್ಕೆ, ಇನ್ನೊಂದು ತುದಿ ಬಣ್ಣ ಇಲ್ಲದ ಚಾಸಿಸ್ ಬೋಲ್ಟಿಗೆ ಮುಟ್ಟಿಸಿ. ಬೆಳಕು ಜೋರಾದರೆ ದೋಷ ಸಿಕ್ಕಿತು. ಮಲ್ಟಿಮೀಟರ್ ಇದ್ದರೆ ಹೋಲ್ಡರ್ ಮತ್ತು ಬ್ಯಾಟರಿಯ ಅರ್ತ್ ಟರ್ಮಿನಲ್ ನಡುವೆ ವೋಲ್ಟೇಜ್ ಅಳೆಯಿರಿ. ಬಲ್ಬ್ ಉರಿಯುವಾಗ ಅದು ಸೊನ್ನೆ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಕೆಟ್ಟಿದೆ ಅಂತಲೇ.

ಮದುವೆಗೋ ಹಬ್ಬಕ್ಕೋ ಅಂತ ಗಾಡಿಗೆ ಹೊಸ ಪೇಂಟ್ ಮಾಡಿಸಿದ ಮೇಲೆ ಇಂಡಿಕೇಟರ್ ಕೈಕೊಟ್ಟರೆ ಇದನ್ನೇ ಮೊದಲು ನೋಡಿ. ಬಣ್ಣದ ಮೇಲೆ ಬೋಲ್ಟ್ ಕೂರಿಸಿದರೆ ಕರೆಂಟ್ ಹರಿಯಲ್ಲ. ಆಯುಧಪೂಜೆಗೆ ಪ್ರೆಷರ್ ನೀರಲ್ಲಿ ತೊಳೆದಾಗ ಲೈಟ್ ಒಳಗೆ ನೀರು ನುಗ್ಗಿ ತುಕ್ಕು ಶುರುವಾಗೋದೂ ಇದೆ. ಬೋಲ್ಟ್ ಕೂರೋ ಜಾಗ ಹೊಳೆಯುವಷ್ಟು ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹೋಲ್ಡರ್‌ನಿಂದ ಚಾಸಿಸ್‌ಗೆ ಒಂದು ಬೇರೆ ಕಪ್ಪು ವೈರ್ ಎಳೆದರೆ ಇನ್ನೂ ಭದ್ರ.

ಫ್ಯೂಸ್: ನೋಡಲು ಚೆನ್ನಾಗಿದ್ದರೂ ತುದಿಯ ಕ್ಲಿಪ್ ಕಪ್ಪಾಗಿರುತ್ತೆ, ಅದನ್ನೂ ಉಜ್ಜಿ. ಸುಟ್ಟಿದ್ದರೆ ಅದೇ ಆಂಪಿಯರ್‌ನದ್ದೇ ಹಾಕಿ. ಸಿಗರೇಟ್ ಹಾಳೆ, ತಾಮ್ರದ ತಂತಿ ಸುತ್ತಬೇಡಿ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತೆ, ವೈರಿನ ಪಕ್ಕದಲ್ಲೇ ಪೆಟ್ರೋಲ್ ಇರೋ ಗಾಡಿ ಅದು.

ಫ್ಲಾಷರ್: ಡ್ಯಾಶ್‌ಬೋರ್ಡ್ ಅಡಿ ಇರುತ್ತೆ. ‘ಬಿ’ ಪಿನ್‌ಗೆ ಕರೆಂಟ್ ಬರುತ್ತೆ, ‘ಎಲ್’ ಪಿನ್‌ನಿಂದ ಸ್ವಿಚ್ಚಿಗೆ ಹೋಗುತ್ತೆ, ‘ಪಿ’ ಇದ್ದರೆ ಡ್ಯಾಶ್‌ಬೋರ್ಡ್ ಬಲ್ಬಿಗೆ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಗೆ ಕಚ್ಚಿಸಿ, ‘ಬಿ’ಗೆ ಬರುವ ವೈರ್ ಮುಟ್ಟಿಸಿ. ಉರಿಯದಿದ್ದರೆ ದೋಷ ಫ್ಯೂಸ್ ಕಡೆ. ಉರಿದರೆ ‘ಬಿ’, ‘ಎಲ್’ ವೈರ್ ಎರಡನ್ನೂ ಕಳಚಿ ಜೋಡಿಸಿ, ಸ್ವಿಚ್ ಎಡಕ್ಕೆ ಅಥವಾ ಬಲಕ್ಕೆ ಹಾಕಿ. ಮುಂದೆ ಹಿಂದೆ ಎರಡೂ ಮಿನುಗದೆ ಪ್ರಕಾಶವಾಗಿ ಉರಿದರೆ ಫ್ಲಾಷರ್ ಬದಲಿಸಿದರೆ ಸಾಕು.

ಸ್ವಿಚ್ ಮತ್ತು ವೈರ್: ಸ್ವಿಚ್ಚಿಗೆ ಕರೆಂಟ್ ಬಂದು, ಹೊರಗೆ ಹೋಗದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಬ್ರಿಟಿಷ್ ಲೂಕಾಸ್ ಪದ್ಧತಿಯಲ್ಲಿ ಹಸಿರು-ಕೆಂಪು ಎಡಕ್ಕೆ, ಹಸಿರು-ಬಿಳಿ ಬಲಕ್ಕೆ, ಕಪ್ಪು ಅರ್ತ್. ಆದರೆ ಹತ್ತು ಕೈ ದಾಟಿದ ಗಾಡಿಯಲ್ಲಿ ಯಾರು ಯಾವ ಬಣ್ಣದ ವೈರ್ ಸೇರಿಸಿದ್ದಾರೋ, ಲ್ಯಾಂಪ್ ಹಿಡಿದೇ ಖಾತ್ರಿ ಮಾಡಿಕೊಳ್ಳಿ. ಹೊಸ ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ಮಾತ್ರ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ ಅಂತ. ತಗಡಿನ ತೂತಿನಲ್ಲಿ ವೈರ್ ನುಗ್ಗುವ ಕಡೆ ರಬ್ಬರ್ ಹರಿದಿದೆಯಾ, ಡಿಕ್ಕಿ ಒಳಗೆ ಇಲಿ ಕಡಿದಿದೆಯಾ ನೋಡಿ.

ಎಲ್‌ಇಡಿ ಹಾಕೋರಿಗೆ

ಎಲ್‌ಇಡಿ ಬಲ್ಬ್ ಬಹಳ ಕಡಿಮೆ ಕರೆಂಟ್ ಎಳೆಯೋದರಿಂದ ಹಳೇ ಡಬ್ಬಿ ಫ್ಲಾಷರ್ ಬಿಸಿಯಾಗಲ್ಲ, ಮಿನುಗಲ್ಲ. ಎಲ್‌ಇಡಿಗೆ ಹೊಂದೋ ಎಲೆಕ್ಟ್ರಾನಿಕ್ ಫ್ಲಾಷರ್ ಬೇಕು. ಕೊಳ್ಳೋ ಮೊದಲು ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಸೇರಿದೆ ನೋಡಿ. ಆ ಕಾಲದ ಬ್ರಿಟಿಷ್ ವಿನ್ಯಾಸದ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಇಂಥದ್ದಕ್ಕೆ ಮಾಮೂಲಿ ಎಲೆಕ್ಟ್ರಾನಿಕ್ ಫ್ಲಾಷರ್ ಸಿಕ್ಕಿಸಿದರೆ ಅಲ್ಲೇ ಹಾಳು. ಬಿಡಿಭಾಗದ ಅಂಗಡಿಯವರೂ ಇದೊಂದು ಪ್ರಶ್ನೆ ಕೇಳಿ ಮಾರಿದರೆ ಗಿರಾಕಿ ವಾಪಸ್ ತರೋ ತಾಪತ್ರಯ ತಪ್ಪುತ್ತೆ.

ಕೆಲಸ ಮುಗಿದ ಮೇಲೆ ಕಾಯಿಲ್ ವೈರ್ ಮತ್ತೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ. ಹೆಡ್‌ಲೈಟ್ ಆನ್ ಇಟ್ಟು, ಬ್ರೇಕ್ ಒತ್ತಿ ಹಿಡಿದು ಎರಡೂ ಕಡೆ ಇಂಡಿಕೇಟರ್ ಹಾಕಿ ನೋಡಿ. ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಗಡಿಯಾರ ನೋಡಿಕೊಂಡು ಎಣಿಸಲು ಹೇಳಿ. ನಿಮಿಷಕ್ಕೆ 60ರಿಂದ 120ರ ಒಳಗೆ ಬಂದರೆ ಸರಿಯಾಯ್ತು. ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಏನೇನು ನೋಡಿದ್ದೀರಿ ಅಂತ ಮೊದಲೇ ಹೇಳಿದರೆ ಅವರ ಟೈಮೂ ನಿಮ್ಮ ದುಡ್ಡೂ ಉಳಿಯುತ್ತೆ.