ಕುರ್ಡಿಯಲ್ಲಿ ಬೆಂಕಿಯಿಲ್ಲದೆ ಕುದಿದ ನೀರು

ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ಬೇಸಿಗೆ ಬಂತೆಂದರೆ ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ಗಡಿಗೆ ಬೆವರತೊಡಗುತ್ತದೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನೂ ಹೊತ್ತೊಯ್ಯುತ್ತದೆ. ದ್ರವ ಅನಿಲವಾಗುವ ಪಾಠಕ್ಕೆ ಇದಕ್ಕಿಂತ ನಿರಪಾಯದ ಪ್ರಯೋಗ ಸಿಗಲಾರದು.

ಅದೇ ಪಾಠಕ್ಕೆ ಊರಿನ ಶಾಲೆಯ ಮೇಷ್ಟ್ರು ಮಕ್ಕಳ ಮುಂದೆ ಇಟ್ಟಿದ್ದು ಸೂಜಿ ತೆಗೆದ ಸಿರಿಂಜು, 60–65 ಡಿಗ್ರಿಯ ಬಿಸಿನೀರು, ಒಂದು ಉಷ್ಣಮಾಪಕ. ಕಾಲುಭಾಗ ನೀರು ಎಳೆದು, ಗಾಳಿಯನ್ನು ಹೊರದೂಡಿ, ತುದಿಗೆ ರಬ್ಬರ್ ಬಿರಡೆ ಒತ್ತಿ ಹಿಡಿದರು. ಹಿಡಿಕೆ ಜಗ್ಗಿದ್ದೇ ತಡ, ನೀರು ಗುಳುಗುಳು ಕುದಿಯಿತು. "ಸರ್, ಬೆಂಕಿ ಇಲ್ಲದ ಕುದಿಯಾಕತ್ತೈತ್ರಿ!" ಎಂದು ಮುಂದಿನ ಸಾಲು ಎದ್ದು ನಿಂತಿತು. ಹಿಡಿಕೆ ಬಿಟ್ಟರೆ ಗುಳ್ಳೆಗಳು ಮಾಯ. ಉಳಿದ ಒಂದೆರಡು ಸಣ್ಣ ಗುಳ್ಳೆ ನೀರಿನಲ್ಲಿ ಕರಗಿದ್ದ ಗಾಳಿಯದು. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ, ಅಷ್ಟೇ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ರಾಯಚೂರು ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 100ಕ್ಕೆ ಮುಟ್ಟದೆ 98.7 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದೂ ಇದರಿಂದಲೇ. ಉಷ್ಣಮಾಪಕ ಕೆಟ್ಟಿದೆ ಎನ್ನಬೇಕಿಲ್ಲ.

ನನಗೆ ಹಿಡಿಸಿದ್ದು ಮೇಷ್ಟ್ರ ಎಚ್ಚರ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಎಳೆ ಚರ್ಮವನ್ನು ಸುಡುತ್ತದೆ. ಹಾಗಾಗಿ ನೀರು ತುಂಬುವ ಕೆಲಸ ಅವರದೇ, ಜಗ್ಗುವುದಷ್ಟೇ ಮಕ್ಕಳದು. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ತಣ್ಣೀರಿನ ಬಕೆಟ್ಟು.

ಎಲ್ಲ ಪ್ರಯೋಗಕ್ಕೂ ಇಷ್ಟೇ ಎಚ್ಚರ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ದ್ರವ ಸಾರಜನಕದ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ. ಮೈನಸ್ 196 ಡಿಗ್ರಿಯ ಆ ದ್ರವ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರಾಟದ ಆಮ್ಲಜನಕವನ್ನೇ ದೂಡಿಬಿಡಬಲ್ಲದು. ತರಬೇತಿ ಪಡೆದವರಿಗೇ ಅದು ಸಲ್ಲಬೇಕು. ನೀರು ಉಗಿಯಾದರಂತೂ ಹಿಗ್ಗುವುದು 1600 ಪಟ್ಟಿಗೂ ಹೆಚ್ಚು. ಕೃಷ್ಣೆಯ ದಂಡೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಟರ್ಬೈನು ತಿರುಗಿಸುತ್ತಿರುವುದು ಇದೇ ಉಗಿ. ಆದರೆ ಅಲ್ಲಿನ ಬಾಯ್ಲರಿಗೆ ಸುರಕ್ಷತಾ ಕವಾಟಗಳಿವೆ, ಒಲೆಯ ಮೇಲಿಟ್ಟ ಮುಚ್ಚಿದ ಡಬ್ಬಿಗೆ ಇಲ್ಲ.

ವಿಜ್ಞಾನ ಮೇಷ್ಟ್ರುಗಳಲ್ಲಿ, ಅಕ್ಕೋರುಗಳಲ್ಲಿ ಒಂದೇ ಕೋರಿಕೆ: ಬಿಗಿಯಾಗಿ ಮುಚ್ಚಿದ ಡಬ್ಬಿ, ಬಾಟಲಿಗಳನ್ನು ಒಲೆಯ ಮೇಲೆ ಇಡಲೇಬೇಡಿ. ಮಕ್ಕಳ ಕೈಗೆ ಸಿರಿಂಜು ಕೊಡಿ.