ಒಂಟಿ ಪ್ರಯಾಣಿಕಳೂ ಎದುರು ಸೀಟಿನ ಸಜ್ಜನನೂ

ಟಿಕೆಟಿಲ್ಲದೆ ಕುಳಿತವರನ್ನು ಗಾಡಿಯಿಂದ ಕೆಳಗಿಳಿಸುವ ಅಧಿಕಾರ ರೈಲ್ವೆ ನೌಕರರಿಗೆ ಉಂಟು. ಆದರೆ ಆ ಅಧಿಕಾರಕ್ಕೊಂದು ಕಟ್ಟಳೆಯೂ ಉಂಟು. ಜೊತೆಯಲ್ಲಿ ಗಂಡಸರಿಲ್ಲದ ಹೆಂಗಸನ್ನು ಕಂಡಕಂಡ ನಿಲ್ದಾಣದಲ್ಲಿ ಇಳಿಸುವಂತಿಲ್ಲ. ಆಕೆ ಹತ್ತಿದ ನಿಲ್ದಾಣ, ಜಂಕ್ಷನ್, ಗಾಡಿಯ ಕೊನೆಯ ನಿಲ್ದಾಣ ಅಥವಾ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಮಾತ್ರ ಇಳಿಸಬೇಕು. ಅದೂ ಹಗಲು ಹೊತ್ತಿನಲ್ಲಿ. 1989ರ ರೈಲ್ವೆ ಕಾಯಿದೆಯ 139ನೆಯ ಕಲಮು ಹೀಗೆನ್ನುತ್ತದೆ. ತಪ್ಪು ಮಾಡಿದವಳಿಗೂ ಇಷ್ಟು ದಾಕ್ಷಿಣ್ಯವೇಕೆ? ನಡುರಾತ್ರಿ, ನಿರ್ಜನವಾದ ಸಣ್ಣ ನಿಲ್ದಾಣದಲ್ಲಿ ಒಂಟಿ ಹೆಂಗಸಿಗೆ ಏನು ಸಂಭವಿಸಬಹುದೆಂಬುದನ್ನು ಕಾಯಿದೆ ಬರೆದವರು ಬಲ್ಲರು. ಅದೇ ಕಾಯಿದೆಯ 58ನೆಯ ಕಲಮು ಪ್ರತಿಯೊಂದು ಪ್ರಯಾಣಿಕರ ಗಾಡಿಯಲ್ಲಿಯೂ ಸ್ತ್ರೀಯರಿಗಾಗಿ ಸ್ಥಳವನ್ನು ಮೀಸಲಿಡಬೇಕೆಂದು ವಿಧಿಸುತ್ತದೆ. ಈ ಕಲಮುಗಳಿಂದ ಗಂಡುಕುಲಕ್ಕೆ ಅವಮಾನವಾಯಿತೆಂದು ಯಾರೂ ಮುನಿಸಿಕೊಂಡಂತಿಲ್ಲ.

ಅದೇ ಎಚ್ಚರಿಕೆಯನ್ನು ಎದುರು ಸೀಟಿನ ಹೆಣ್ಣುಮಗಳು ತೋರಿದಳೋ, ಸಜ್ಜನರ ಮುಖ ಬಾಡುತ್ತದೆ. ಊರು ಯಾವುದೆಂದರೆ ಉತ್ತರವಿಲ್ಲ. ಕೊಟ್ಟ ಬಿಸ್ಕತ್ತನ್ನು ಮುಟ್ಟುವುದಿಲ್ಲ. ಎಲ್ಲಿ ಇಳಿಯುವುದೆಂದರೆ, “ನಮ್ಮಣ್ಣ ಸ್ಟೇಷನ್ನಿಗೆ ಬರುತ್ತಾರೆ” ಎಂಬ ಮಾತು—ಆ ಅಣ್ಣ ಇದ್ದಾನೋ ಇಲ್ಲವೋ! “ಗಂಡಸರೆಲ್ಲ ಒಂದೇ ಎಂದುಕೊಂಡರೆ ಹೇಗೆ?” ಎಂದು ಆ ಮಹನೀಯರು ಮನೆಗೆ ಬಂದು ಪತ್ನಿಯೊಡನೆ ದೂರುತ್ತಾರೆ. ತಮ್ಮ ಮಗಳೇ ಒಂಟಿಯಾಗಿ ಹುಬ್ಬಳ್ಳಿಗೆ ಹೊರಟ ದಿನ ಅವರು ಹೇಳಿ ಕಳುಹಿಸುವುದೇನು? “ಗುರುತಿಲ್ಲದವರೊಡನೆ ಮಾತಾಡಬೇಡಮ್ಮ, ಯಾರು ಏನು ಕೊಟ್ಟರೂ ತಿನ್ನಬೇಡ.”

ಅವರ ದೂರಿನಲ್ಲಿ ಹುರುಳಿಲ್ಲವೆಂದಲ್ಲ. “ಗಂಡಸು ಜಾತಿಯೇ ಇಷ್ಟು” ಎಂಬುದು ಅನ್ಯಾಯದ ತೀರ್ಪು. ಭಾರವಾದ ಪೆಟ್ಟಿಗೆಯನ್ನು ಮೇಲಕ್ಕೆತ್ತಿಕೊಟ್ಟು ಮರುಮಾತಾಡದೆ ಹೋಗುವವರು ಪ್ರತಿ ಗಾಡಿಯಲ್ಲಿಯೂ ಇದ್ದಾರೆ. ಆದರೆ ಆ ಹೆಣ್ಣುಮಗಳು ತೀರ್ಪು ಕೊಡುತ್ತಿಲ್ಲ, ಅಗಳಿ ಹಾಕಿಕೊಳ್ಳುತ್ತಿದ್ದಾಳೆ. ರಾತ್ರಿ ಬಾಗಿಲಿಗೆ ಅಗಳಿ ಹಾಕುವ ಗೃಹಸ್ಥನು ಬೀದಿಯವರನ್ನೆಲ್ಲ ಕಳ್ಳರೆಂದು ಕರೆದಂತಾಯಿತೆ? ಒಳ್ಳೆಯವನನ್ನು ಆಕೆ ಶಂಕಿಸಿದರೆ ಅವನ ಮನಸ್ಸು ಒಂದು ಗಳಿಗೆ ನೊಂದೀತು; ಕೆಟ್ಟವನನ್ನು ನಂಬಿದರೆ ಆಕೆ ತೆರಬೇಕಾದ ಬೆಲೆಯೇ ಬೇರೆ.

ಈ ಸಾರಾಸಗಟು ಲೆಕ್ಕಾಚಾರದ ನಿಜವಾದ ದೋಷ ಬೇರೆಡೆ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಇತ್ತೀಚಿನ ವಾರ್ಷಿಕ ವರದಿಗಳನ್ನು ನೋಡಿದರೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿಯು ಆಕೆಗೆ ಪರಿಚಿತನೇ: ನೆರೆಯವನು, ಸ್ನೇಹಿತ, ಬಂಧು. ಅಪರಿಚಿತನಿಗೆ ಅಂಜಿ ಪಯಣವನ್ನೇ ನಿಲ್ಲಿಸುವ ಮನೆ, ಪರಿಚಿತನಿಗೆ ನಡುಮನೆಯಲ್ಲಿ ಮಣೆ ಹಾಕುತ್ತದೆ! “ಜೊತೆಗೊಬ್ಬ ಗಂಡಸಿದ್ದರೆ ಸಾಕು” ಎಂಬ ನಂಬಿಕೆಯೂ ಅಷ್ಟೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ಆ ನತದೃಷ್ಟ ಯುವತಿ ಒಂಟಿಯಾಗಿರಲಿಲ್ಲ, ಸ್ನೇಹಿತನಿದ್ದ. ದುರುಳರೂ ಗಂಡಸರೇ, ಆಕೆಯೊಡನೆ ಪೆಟ್ಟು ತಿಂದವನೂ ಗಂಡಸೇ.

ಇಷ್ಟಾದರೂ ಹೆಣ್ಣುಮಕ್ಕಳು ಹೊರಟೇ ಹೊರಡುತ್ತಾರೆ. 2023ರ ಜೂನ್ 11ರಂದು ಕರ್ನಾಟಕದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೆಟ್ ಹಣ ಬೇಡವೆಂದಾದ ಮೇಲೆ ಧರ್ಮಸ್ಥಳದ ದಾರಿಯ ಬಸ್ಸುಗಳು ಹೇಗೆ ತುಂಬಿದವೆಂಬುದನ್ನು ಎಲ್ಲರೂ ಕಂಡಿದ್ದಾರೆ. ರೈಲ್ವೆ ರಕ್ಷಣಾ ಪಡೆಯು 2020ರಲ್ಲಿ ‘ಮೇರಿ ಸಹೇಲಿ’ ಎಂಬ ಏರ್ಪಾಡನ್ನು ಆರಂಭಿಸಿತು. ದೂರದ ಗಾಡಿ ಹೊರಡುವ ನಿಲ್ದಾಣದಲ್ಲಿ ಪಡೆಯ ಮಹಿಳೆಯರು ಒಂಟಿ ಪ್ರಯಾಣಿಕಳನ್ನು ಕಂಡು, ಬರ್ತಿನ ಸಂಖ್ಯೆಯನ್ನು ಬರೆದುಕೊಂಡು, ಸಹಾಯಕ್ಕೆ 139ಕ್ಕೆ ಫೋನ್ ಮಾಡಬೇಕೆಂದು ತಿಳಿಸುತ್ತಾರೆ. ಎದುರು ಸೀಟಿನ ಸಜ್ಜನರು ಅಷ್ಟು ಹೊತ್ತು ಕಿಟಕಿಯಿಂದಾಚೆ ನೋಡುತ್ತ ಕುಳಿತಿದ್ದರಾಯಿತು.